ಅವ್ವನ ಜೊತೆ ಪೊಂ-ದ-ಮೊಂವೇರ್: ಹಳ್ಳ ಮೂರು, ಸೇತುವೆ ಒಂದು, ಜನ ಆರು ನೂರು

ದಿನ 1

ಅವ್ವ ಬಂದು ಮೂರು ವಾರ ಆಗಿತ್ತು. ನಾನಿರೋ ಮೊಂಪೆಲಿಯೇಲಿ (ದಕ್ಷಿಣ ಫ್ರಾನ್ಸ್‌ನ ಒಂದು ಸಿಟಿ) ನೋಡೋದೆಲ್ಲಾ ಮುಗೀತು, ಸಮುದ್ರ ಆಯ್ತು, ಟ್ರಾಮ್ ಆಯ್ತು, ಇನ್ನು ಪ್ಯಾರಿಸ್ ತೋರಿಸ್ತೀನಿ ನಡಿ ಅಂದ್ರೆ "ಪ್ಯಾಟೆ ನೋಡಿ ನಾನೇನ್ ಮಾಡ್ಲಿ, ಇವ್ರಿಗೆ ಹಳ್ಳಿ ಗಿಳ್ಳಿ ಇಲ್ವಾ?" ಅಂದ್ಲು. ಹಳ್ಳಿ ಇದ್ಯಾ ಅಂತ ಕೇಳಿದ್ದು ಫ್ರಾನ್ಸ್‌ನಲ್ಲಿ! ಇಲ್ಲಿ ಮೂವತ್ತೈದು ಸಾವಿರದಷ್ಟು ಕೊಮ್ಯೂನ್ ಇವೆ (ನಮ್ಮ ಗ್ರಾಮ ಪಂಚಾಯ್ತಿ ಅನ್ಕೊಳ್ಳಿ, ಆದ್ರೆ ಪ್ಯಾರಿಸ್ ಕೂಡ ಲೆಕ್ಕದಲ್ಲಿ ಒಂದು ಕೊಮ್ಯೂನೇ), ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಐನೂರು ಜನ ಕೂಡ ಇಲ್ಲ. ಸರಿ, ಸೆಪ್ಟೆಂಬರ್ ಕೊನೇ ವಾರ ನಾಲ್ಕು ದಿನ ರಜಾ ಹಾಕಿ ಒಂದು ಬಾಡಿಗೆ ಕಾರು ತಗೊಂಡು ಲೊಝೇರ್ ಕಡೆ ಹೊರಟ್ವಿ.

ಲೊಝೇರ್ ಅನ್ನೋದು ಇಲ್ಲಿನ ಒಂದು ಜಿಲ್ಲೆ, ಯುರೋಪಿನೊಳಗಿನ ಫ್ರಾನ್ಸ್‌ನಲ್ಲಿ ಅತಿ ಕಮ್ಮಿ ಜನ ಇರೋ ಜಿಲ್ಲೆ. ವಿಸ್ತೀರ್ಣ 5,167 ಚದರ ಕಿಲೋಮೀಟರ್, ಅಂದ್ರೆ ನಮ್ಮ ಕೊಡಗಿಗಿಂತ ದೊಡ್ಡದು, ಆದ್ರೆ ಇಡೀ ಜಿಲ್ಲೆಗೆ ಜನ 77 ಸಾವಿರದ ಆಸುಪಾಸು. ಕೊಡಗಲ್ಲಿ 2011ರ ಗಣತಿ ಹೊತ್ತಿಗೆ ಐದೂವರೆ ಲಕ್ಷ ಇದ್ರು, ಅದೇ ಕರ್ನಾಟಕದಲ್ಲಿ ಅತಿ ಕಮ್ಮಿ. ನಮ್ಮ ಕನಕಪುರ ಟೌನ್ ಒಂದರಲ್ಲೇ ಐವತ್ತು ಸಾವಿರ ದಾಟಿತ್ತು. ಇದನ್ನ ಕಾರಲ್ಲಿ ಹೇಳಿದ್ರೆ ಅವ್ವ ನಂಬಲಿಲ್ಲ, "ಸುಮ್ನಿರು, ಲೆಕ್ಕ ಬರೆಯೋರು ಮನೆಮನೆಗೆ ಹೋಗಿರಲ್ಲ" ಅಂದ್ಲು.

ದಾರೀಲಿ ಮೊದಲು ಸೇಂ-ಜಾಂ-ದ್ಯು-ಗಾರ್‌ನಲ್ಲಿ ನಿಲ್ಲಿಸಿದ್ದು ಬೇಕಂತಲೇ. ಅಲ್ಲಿ ಮೇಜೋಂ ರೂಜ್ ಅಂತ ಒಂದು ಮ್ಯೂಸಿಯಂ ಇದೆ, ಹಳೇ ರೇಷ್ಮೆ ನೂಲು ತೆಗೆಯೋ ಫ್ಯಾಕ್ಟರಿ ಅದು, ಫ್ರಾನ್ಸ್‌ನ ಕೊನೇ ಫಿಲೇಚರು, 1965ರಲ್ಲಿ ಬಾಗಿಲು ಹಾಕ್ತು. ಈ ಸೆವೆನ್ ಬೆಟ್ಟಸಾಲಿನವರು (ಸೆವೆನ್ ಅಂದ್ರೆ ಏಳಲ್ಲ, ಹೆಸರೇ ಹಂಗೆ) ನೂರಾರು ವರ್ಷ ರೇಷ್ಮೆ ಹುಳ ಸಾಕಿ ಬದುಕಿದೋರು. ಅವ್ವ ಮದುವೆಯಾಗಿ ಬಂದಾಗಿಂದ ಮೊನ್ನೆ ಮಂಡಿನೋವು ಶುರುವಾಗೋವರೆಗೂ ಹುಳ ಸಾಕಿದವಳು, ಹಂಗಾಗಿ ಒಳಗೆ ನನ್ನ ಅನುವಾದ ಯಾವುದೂ ಬೇಕಾಗಲಿಲ್ಲ. ಹುಳ ಗೂಡು ಕಟ್ಟೋಕೆ ಇವರು ತಟ್ಟೆಗಳ ಮಧ್ಯೆ ಕಾಡಿನ ಒಂದು ಜಾತಿ ಒಣಗಿದ ಪೊದೆಕಡ್ಡಿಗಳನ್ನ ಕಮಾನು ಮಾಡಿ ಸಿಗಿಸ್ತಿದ್ರಂತೆ, ಅದರ ಮುಂದೆ ನಿಂತು "ಇವ್ರಿಗೆ ಚಂದ್ರಿಕೆ ಹೆಣೆಯೋಕೆ ಬಿದಿರು ಸಿಕ್ಕಿಲ್ಲ ಪಾಪ" ಅಂದ್ಲು (ಚಂದ್ರಿಕೆ ಅಂದ್ರೆ ಗೂಡು ಕಟ್ಟೋಕೆ ಹುಳ ಬಿಡೋ ನಮ್ಮ ಬಿದಿರಿನ ತಟ್ಟಿ). ಮೊಟ್ಟೆ ಒಡೆಯೋಕೆ ಶಾಖ ಬೇಕಲ್ಲ, ಅದಕ್ಕೆ ಹೆಂಗಸರು ಮೊಟ್ಟೆನ ಸಣ್ಣ ಬಟ್ಟೆ ಚೀಲದಲ್ಲಿ ಹಾಕಿ ಬಟ್ಟೆ ಒಳಗೆ ಮೈಗೆ ಅಂಟಿಕೊಂಡಂಗೆ ಇಟ್ಕೊಂಡು ಓಡಾಡ್ತಿದ್ರು ಅಂತ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ನಿದ್ದೆ ಮಾಡೋವಾಗ ಮಗ್ಗುಲು ಹೆಂಗೆ ಬದಲಾಯಿಸ್ತಿದ್ರೋ" ಅಂತ ಕೇಳಿದ್ಲು. ಅಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಸೇಂ-ಜಾಂನಿಂದ ಫ್ಲೊರಾಕ್‌ವರೆಗೆ ಐವತ್ತು ಚಿಲ್ಲರೆ ಕಿಲೋಮೀಟರ್, ಕೊರ್ನೀಶ್ ಅಂತಾರೆ ಆ ರೋಡಿಗೆ. ಬೆಟ್ಟದ ನೆತ್ತಿ ಮೇಲೇ ಹೋಗುತ್ತೆ, ಎರಡೂ ಕಡೆ ಕಣಿವೆ. ಈ ದಾರಿ ನೋಡ್ಬೇಕಿರೋದು ಕಣಿವೆಗಲ್ಲ, ಕಲ್ಲಿಗೆ. ಮೊದಲು ಪದರಪದರ ಬಿಡೋ ಕರೀ ಕಲ್ಲು, ಮನೆ ಗೋಡೆನೂ ಅದೇ, ಮಾಡಿನ ಹೆಂಚಿನ ಬದಲು ಹಾಸಿರೋ ಚಪ್ಪಡಿನೂ ಅದೇ. ಮೇಲೆ ಹತ್ತಿ ಬಯಲು ಬಂದ್ರೆ ಸುಣ್ಣಕಲ್ಲು, ಮರ ಇಲ್ಲ, ಗಾಳಿ. ಫ್ಲೊರಾಕ್‌ನಲ್ಲಿ ಕೋಸ್ ಮೇಜಾಂ ಅನ್ನೋ ಸುಣ್ಣಕಲ್ಲಿನ ಪ್ರಸ್ಥಭೂಮಿ ಗೋಡೆ ಥರ ತಲೆ ಮೇಲೆ ನಿಂತಿದೆ. ಅಲ್ಲಿಂದ ತಾರ್ನ್ ನದಿ ಪಕ್ಕ ಇನ್ನೊಂದು ಇಪ್ಪತ್ತು ಕಿಲೋಮೀಟರ್ ಮೇಲಕ್ಕೆ ಹೋಗ್ತಾ ಹೋಗ್ತಾ ಗ್ರಾನೈಟ್ ಶುರುವಾಗುತ್ತೆ. ಗುಂಡುಗುಂಡು ಬಂಡೆ ಒಂದರ ಮೇಲೊಂದು ಕೂತಿರೋದು ನೋಡಿ ಅವ್ವ ಸೀಟಲ್ಲಿ ನೆಟ್ಟಗಾದ್ಲು. ರಾಮನಗರ ಕನಕಪುರದ ಕಡೆಯೋರಿಗೆ ಬಂಡೆ ಯಾರೂ ಪರಿಚಯ ಮಾಡಿಸ್ಬೇಕಿಲ್ಲ. ನಮ್ಮದು ಸುಮಾರು 250 ಕೋಟಿ ವರ್ಷದ ಹಳೇ ಕಲ್ಲು, ಇವರದು ಬರೀ 30 ಕೋಟಿ ವರ್ಷದ್ದು, ಆದ್ರೆ ಮಳೆ ಬಿಸಿಲಿಗೆ ಗ್ರಾನೈಟ್ ಸವೆಯೋ ರೀತಿ ಎಲ್ಲಾ ಕಡೆ ಒಂದೇ.

ನಾವು ಹೊರಟಿದ್ದ ಊರು ಪೊಂ-ದ-ಮೊಂವೇರ್ ತಲುಪಿದಾಗ ಮಧ್ಯಾಹ್ನ ಒಂದೂವರೆ. ಇದ್ದ ಒಂದು ಅಂಗಡಿ ಮುಚ್ಚಿತ್ತು, ನಾಲ್ಕು ಗಂಟೆಗೆ ತೆಗೀತಾರಂತೆ. ತಪ್ಪು ನಂದೇ, ಇಷ್ಟು ವರ್ಷ ಇಲ್ಲಿದ್ದೂ ಹಳ್ಳೀಲಿ ಮಧ್ಯಾಹ್ನ ಏನೂ ಸಿಗಲ್ಲ ಅನ್ನೋದು ನೆನಪಿರಲಿಲ್ಲ. ಅವ್ವನ ಬ್ಯಾಗಲ್ಲಿ ಚಪಾತಿ, ಹುರಿಗಡಲೆ ಚಟ್ನಿಪುಡಿ ಇತ್ತು. ನದಿ ಪಕ್ಕ ಬಂಡೆ ಮೇಲೆ ಕೂತು ತಿಂದ್ವಿ.

ದಿನ 2

ಊರ ಹೆಸರಲ್ಲೇ ಸೇತುವೆ ಇದೆ, ಪೊಂ ಅಂದ್ರೆ ಸೇತುವೆ. ತಾರ್ನ್ ನದಿಗೆ ಇಲ್ಲಿ ರಿಯುಮಾಲೆ ಮತ್ತೆ ಮಾರ್ತಿನೆ ಅಂತ ಎರಡು ಹಳ್ಳ ಬಂದು ಸೇರ್ತವೆ, ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಹತ್ತಿರ ಎತ್ತರ. 17ನೇ ಶತಮಾನದ ಕಲ್ಲು ಸೇತುವೆ, ಒಂಟೆ ಬೆನ್ನಿನ ಥರ ಮಧ್ಯ ಎದ್ದಿದೆ, ಒಂದು ತುದೀಲಿ ಗಡಿಯಾರದ ಗೋಪುರ. ನದಿಯ ಎರಡೂ ದಡದಲ್ಲಿ ಬೂದಿ ಬಣ್ಣದ ಗ್ರಾನೈಟ್ ಮನೆಗಳು, ನದಿ ಕಡೆಗೆ ಮುಖ ಮಾಡಿ ಒತ್ತೊತ್ತಾಗಿ ನಿಂತಿವೆ. ಮನೆ ಹಿಂದೆ ಸೀದಾ ಬೆಟ್ಟ, ಅದಕ್ಕೆ ಊರು ಅಗಲಕ್ಕೆ ಬೆಳೆಯೋಕೆ ಜಾಗನೇ ಇಲ್ಲ, ಉದ್ದಕ್ಕೆ ಬೆಳೆದಿದೆ. ಹತ್ತು ನಿಮಿಷದಲ್ಲಿ ಈ ತುದಿಯಿಂದ ಆ ತುದಿ.

ಆದ್ರೆ ನಾವು ನೋಡ್ತಿರೋದು ಊರಿನ ಒಂದು ತುಣುಕು ಅಷ್ಟೇ ಅಂತ ಗೊತ್ತಾಗಿದ್ದು ನಾವು ಇಳ್ಕೊಂಡಿದ್ದ ಝೀತ್‌ನ (ನಮ್ಮ ಹೋಮ್‌ಸ್ಟೇ ಥರದ್ದು) ಅಜ್ಜಿ ಗೋಡೆ ಮೇಲಿನ ಮ್ಯಾಪ್ ತೋರಿಸಿದಾಗ. 2016ರ ಜನವರಿ 1ಕ್ಕೆ ಪಕ್ಕದ ಫ್ರೆಸಿನೆ, ಸೇಂ-ಮೊರೀಸ್ ಅನ್ನೋ ಎರಡು ಕೊಮ್ಯೂನ್‌ಗಳನ್ನ ಇದಕ್ಕೆ ಸೇರಿಸಿ 'ಪೊಂ-ದ-ಮೊಂವೇರ್ - ಸ್ಯೂದ್ ಮೊಂ ಲೊಝೇರ್' ಅಂತ ಉದ್ದನೇ ಹೆಸರಿಟ್ಟಿದ್ದಾರೆ. ಮೂರೂ ಸೇರಿ ಜಾಗ ನೂರೈವತ್ತು ಚದರ ಕಿಲೋಮೀಟರ್‌ಗಿಂತ ಜಾಸ್ತಿ, ಬೆಂಗಳೂರಿನ ಹಳೇ ಬಿಬಿಎಂಪಿ ಏರಿಯಾದ ಐದನೇ ಒಂದು ಭಾಗ ಅನ್ಕೊಳ್ಳಿ. ಜನ? ಹೆಚ್ಚೂಕಮ್ಮಿ ಆರು ನೂರು. ಅವರೂ ಒಂದೇ ಕಡೆ ಇಲ್ಲ. ಒಂದಷ್ಟು ಜನ ಸೇತುವೆ ಹತ್ತಿರ, ಮಿಕ್ಕೋರು ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಹಟ್ಟೀಲಿ. ಕೆಲವು ಹಟ್ಟೀಲಿ ಹತ್ತು ಮನೆ, ಕೆಲವು ಕಡೆ ಎರಡೇ. ಒಂದು ಚದರ ಕಿಲೋಮೀಟರ್‌ಗೆ ನಾಲ್ಕು ಜನ ಬರಲ್ಲ. ರಾತ್ರಿ ಊರಿಂದ ಚಿಕ್ಕಮ್ಮ ಫೋನ್ ಮಾಡಿದಾಗ ಅವ್ವ ಹೇಳ್ತಿದ್ದದ್ದು ಕೇಳಿಸ್ತು: "ಊರಾ? ನಮ್ಮ ಹೋಬಳಿಯಷ್ಟು ಅದೆ ಕಣೆ, ಜನ ನೋಡಿದ್ರೆ ನಮ್ಮ ಮೇಗಲ ಬೀದಿಯಷ್ಟು."

ಲೆಕ್ಕ ಬರೆಯೋರು ಮನೆಮನೆಗೆ ಹೋಗಿರಲ್ಲ ಅನ್ನೋ ಅವ್ವನ ಅನುಮಾನ ನಾನು ಅಜ್ಜಿಗೆ ಹೇಳಿದೆ. ಅವರು ನಕ್ಕು, ಬರ್ತಾರೆ, ಹಿಮ ಬಿದ್ದಿದ್ರೂ ಬರ್ತಾರೆ ಅಂದ್ರು. ನಮ್ಮ ಥರ ಹತ್ತು ವರ್ಷಕ್ಕೊಂದ್ಸಲ ದೇಶಕ್ಕೆಲ್ಲಾ ಒಟ್ಟಿಗೆ ಗಣತಿ ಇಲ್ಲಿಲ್ಲ. ಹತ್ತು ಸಾವಿರಕ್ಕಿಂತ ಕಮ್ಮಿ ಜನ ಇರೋ ಕೊಮ್ಯೂನ್‌ಗಳನ್ನ ಐದು ಗುಂಪು ಮಾಡಿ ವರ್ಷಕ್ಕೊಂದು ಗುಂಪು ಎಣಿಸ್ತಾರೆ, ಹಂಗಾಗಿ ಒಂದೊಂದು ಹಳ್ಳಿಗೂ ಐದು ವರ್ಷಕ್ಕೊಂದ್ಸಲ ಸರದಿ, ಜನವರಿ ಫೆಬ್ರವರಿ ಚಳೀಲಿ. ಎಣಿಸೋ ಕೆಲಸಕ್ಕೆ ಜನ ಹುಡುಕೋದು ಪಂಚಾಯ್ತಿದೇ ಜವಾಬ್ದಾರಿ, ಸಾಮಾನ್ಯವಾಗಿ ಆ ಕಡೆಯೋರೇ. ಪಂಚಾಯ್ತಿಗೆ ಬರೋ ದುಡ್ಡು, ಎಷ್ಟು ಮೆಂಬರ್ರು ಅನ್ನೋದು ಎಲ್ಲಾ ಆ ನಂಬರ್ ಮೇಲೆ ನಿಂತಿದೆ, ಆದ್ದರಿಂದ ಒಬ್ಬರನ್ನೂ ಬಿಡಲ್ಲ. ನಮ್ಮಲ್ಲಿ ಇಪ್ಪತ್ತು ಜನ ಜಾಸ್ತಿ ಕಮ್ಮಿ ಅಂದ್ರೆ ಯಾರು ಕೇಳ್ತಾರೆ, ಇಲ್ಲಿ ನಾಲ್ಕು ಮಕ್ಕಳಿರೋ ಒಂದು ಮನೆಯೋರು ಊರು ಬಿಟ್ರೆ ಶೇಕಡ ಒಂದು ಜನ ಖಾಲಿ.

ಇನ್ನೊಂದು ವಿಷಯ ಮ್ಯಾಪಲ್ಲಿ ಕಾಣಲ್ಲ, ಬೀದೀಲಿ ಕಾಣುತ್ತೆ. ಕಿಟಕಿಯ ಮರದ ಬಾಗಿಲು. ಎಷ್ಟೋ ಮನೆಗಳದ್ದು ಮುಚ್ಚೇ ಇತ್ತು. ಅವ್ವ ಬೆಳಿಗ್ಗೆ ಎದ್ದು ನಡ್ಕೊಂಡು ಹೋಗ್ತಾ ಮುಚ್ಚಿದ ಕಿಟಕಿ ಎಣಿಸ್ತಿದ್ಲು, "ಅಲ್ಲ ಕಣೋ ಮಗ, ಇಷ್ಟು ಚೆಂದ ಸೈಜುಗಲ್ಲಿನ ಮನೆ ಕಟ್ಟಿ ಬೀಗ ಜಡಿದು ಎಲ್ಲೋದ್ರು?" ಎಲ್ಲೂ ಹೋಗಿಲ್ಲ ಅವ್ವ, ಅವರು ಇರೋದೇ ಸಿಟೀಲಿ, ಬೇಸಿಗೇಲಿ ಬಂದು ಹೋಗ್ತಾರೆ. ಲೊಝೇರ್‌ನಲ್ಲಿ ಮೂರು ಮನೇಲಿ ಹೆಚ್ಚುಕಮ್ಮಿ ಒಂದು ಹಂಗೆ ರಜದ ಮನೆ. ಗಣತೀಲಿ ಮನೆ ಲೆಕ್ಕಕ್ಕೆ ಬರುತ್ತೆ, ಅವರು ಬರಲ್ಲ. ಕನಕಪುರದಲ್ಲಿ ನಮ್ಮ ಮನೇನೂ ಈಗ ಬೀಗ ಹಾಕ್ಕೊಂಡು ಕೂತಿದೆ ಅಂತ ನಾನು ಬಾಯಿಗೆ ಬಂದಿದ್ದನ್ನ ನುಂಗಿದೆ.

ಹಂಗಂತ ಊರು ಯಾವಾಗ್ಲೂ ಖಾಲಿ ಇರಲಿಲ್ಲ. 19ನೇ ಶತಮಾನದ ಮಧ್ಯದಲ್ಲಿ ಲೊಝೇರ್ ಜಿಲ್ಲೇಲಿ ಒಂದು ಲಕ್ಷ ನಲವತ್ತು ಸಾವಿರಕ್ಕಿಂತ ಜಾಸ್ತಿ ಜನ ಇದ್ರು. ಆಮೇಲೆ ಒಂದರ ಹಿಂದೆ ಒಂದು. ಕೆಳಗಿನ ಕಣಿವೆಗಳಲ್ಲಿ ರೇಷ್ಮೆ ಹುಳಕ್ಕೆ ರೋಗ ಬಂತು, ಚೆಸ್ಟ್‌ನಟ್ ಮರಕ್ಕೆ ಬೇರು ಕಪ್ಪಾಗಿ ಕೊಳೆಯೋ ರೋಗ ಬಂತು (ಆ ಕಾಯಿನೇ ಇವರ ರಾಗಿ, ಹೊಗೇಲಿ ವಾರಗಟ್ಟಲೆ ಒಣಗಿಸಿ ವರ್ಷಪೂರ್ತಿ ತಿಂತಿದ್ರು, ಆ ಮರಕ್ಕೆ ರೊಟ್ಟಿ ಮರ ಅಂತಲೇ ಹೆಸರು), ಅತ್ಲಾಗೆ ಅಲೆಸ್ ಅನ್ನೋ ಪ್ಯಾಟೆ ಕಡೆ ಕಲ್ಲಿದ್ದಲು ಗಣಿ, ರೈಲ್ವೆ ಕೆಲಸ ಕರೀತು, ಆಮೇಲೆ 1914ರ ಯುದ್ಧ. ಸತ್ತೋರ ಹೆಸರು ಕೆತ್ತಿದ ಕಲ್ಲು ಫ್ರಾನ್ಸ್‌ನ ಹಳ್ಳಿಹಳ್ಳೀಲೂ ಇದೆ, ಇಷ್ಟು ಸಣ್ಣ ಊರಿಗೆ ಅಷ್ಟು ಹೆಸರು ಅಂತ ಓದೋವಾಗ ಒಂಥರಾ ಆಗುತ್ತೆ. 1990ರ ಹೊತ್ತಿಗೆ ಜಿಲ್ಲೆ 73 ಸಾವಿರಕ್ಕೆ ಇಳಿದಿತ್ತು. ಅಲ್ಲಿಂದ ನಿಧಾನಕ್ಕೆ ಒಂದೊಂದು ಸಾವಿರ ಏರಿದೆ. 1968ರ ವಿದ್ಯಾರ್ಥಿಗಳ ಗಲಾಟೆ ಆದ್ಮೇಲೆ ಸಿಟಿ ಬೇಡ ಅಂತ ಉದ್ದ ಕೂದಲು ಬಿಟ್ಕೊಂಡು ಬಂದ ಹುಡುಗ ಹುಡುಗೀರು ಮೇಕೆ ಸಾಕಿ ಚೀಸ್ ಮಾಡಿ ಇಲ್ಲೇ ನಿಂತ್ರು, ಅವರೆಲ್ಲಾ ಈಗ ಅಜ್ಜ ಅಜ್ಜಿ. ನಮ್ಮ ಝೀತ್‌ನ ಅಜ್ಜೀನೂ ಆ ಪೈಕಿನೇ.

ಜನಸಂಖ್ಯೆ ಅಂತ ಬಂದ್ರೆ ಈ ಊರಿನ ದೊಡ್ಡ ಕಥೆ ಇನ್ನೂ ಹಿಂದಿಂದು. ಇಲ್ಲಿಯೋರು ಪ್ರಾಟೆಸ್ಟೆಂಟರು. 1685ರಲ್ಲಿ ಹದಿನಾಲ್ಕನೇ ಲೂಯಿ ರಾಜ ಆ ಧರ್ಮಾನೇ ನಿಷೇಧಿಸಿಬಿಟ್ಟ. ಇಲ್ಲಿ ದ್ಯು ಶೇಲಾ ಅನ್ನೋ ಕ್ಯಾಥೊಲಿಕ್ ಪಾದ್ರಿ ಒಬ್ಬ ಸಿಕ್ಕಿದೋರನ್ನ ತನ್ನ ಮನೇಲೇ ಕೂಡಿ ಹಾಕಿ ಹಿಂಸೆ ಕೊಡ್ತಿದ್ದ. 1702ರ ಜುಲೈ 24ರ ರಾತ್ರಿ ಬೆಟ್ಟದಿಂದ ಜನ ಹಾಡ್ಕೊಂಡು ಇಳಿದು ಬಂದು ಆ ಮನೆಗೆ ಬೆಂಕಿ ಇಟ್ಟು ಅವನನ್ನ ಕೊಂದ್ರು, ಮೈಮೇಲೆ 52 ಗಾಯ ಇತ್ತು ಅಂತಾರೆ. ಮುಂದಾಳು ಸೆಗಿಯೇನ ಮೂರು ವಾರ ಆಗೋದ್ರೊಳಗೆ ಇದೇ ಊರಲ್ಲಿ ಜೀವಂತ ಸುಟ್ರು. ಈ ಬಂಡಾಯದೋರಿಗೆ ಕಮಿಸಾರ್ ಅಂತ ಹೆಸರು, ಕಮಿಸಾರ್ ಯುದ್ಧ ಅಂತ ಅದು, ಎರಡು ವರ್ಷ ನಡೀತು. ಬಂಡಾಯದೋರಿಗೆ ಅನ್ನ ಹಾಕೋ ಹಳ್ಳಿನೇ ಇರಬಾರದು ಅಂತ 1703ರ ಕೊನೇಲಿ ಸೈನ್ಯ ಈ ಭಾಗದ 466 ಹಳ್ಳಿ ಹಟ್ಟಿಗಳನ್ನ ಸುಟ್ಟು ಜನರನ್ನ ಎಬ್ಬಿಸಿಬಿಡ್ತು. ಮೊದಲೇ ಪಟ್ಟಿ ಮಾಡ್ಕೊಂಡು ಸುಟ್ಟಿದ್ದು. ಗಣತಿ ಅನ್ನೋದನ್ನ ಹಿಂಗೂ ಉಪಯೋಗಿಸಬಹುದು.

ಸಾಯಂಕಾಲ ಒಂದು ತೋಟದ ಮೂಲೇಲಿ ಕಬ್ಬಿಣದ ಬೇಲಿ ಒಳಗೆ ಎರಡು ಮೂರು ಸಮಾಧಿ ಕಂಡ್ವು. ಊರ ಸ್ಮಶಾನದಲ್ಲಿ ಪ್ರಾಟೆಸ್ಟೆಂಟರಿಗೆ ಜಾಗ ಕೊಡ್ತಿರಲಿಲ್ಲ, ಅದಕ್ಕೆ ಅವರವರ ಹೊಲದಲ್ಲೇ ಹೂಳ್ತಿದ್ರು, ಅದೇ ಪದ್ಧತಿ ಇಲ್ಲಿ ಉಳ್ಕೊಂಡಿದೆ. ಅವ್ವನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ, ನಮ್ಮ ಅಜ್ಜ ಇರೋದೂ ತೋಟದ ಬದುವಿನ ಮಾವಿನ ಮರದ ಕೆಳಗೇ. ಚಪ್ಪಲಿ ಬಿಟ್ಟು ಕೈ ಮುಗಿದು ಬಂದ್ಲು.

ರಾತ್ರಿ ಊಟಕ್ಕೆ ಅಲಿಗೊ. ಬೇಯಿಸಿದ ಆಲೂಗಡ್ಡೆಗೆ ಹೊಸ ಚೀಸ್ ಹಾಕಿ ಮರದ ಸೌಟಲ್ಲಿ ರಟ್ಟೆ ಬಿದ್ದೋಗೋ ಹಂಗೆ ತಿರುವ್ತಾರೆ, ಎತ್ತಿದ್ರೆ ಮಾರುದ್ದ ಹಗ್ಗ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ಅಜ್ಜಿ ಕೈಯಿಂದ ಸೌಟು ಇಸ್ಕೊಂಡು, ಪಾತ್ರೆನ ಎರಡು ಪಾದದ ಮಧ್ಯೆ ಇಟ್ಕೊಳ್ಳೋಕೆ ಹೋದ್ಲು, ಮುದ್ದೆ ಕೂಡ್ಸೋ ಹಂಗೆ. ಅಜ್ಜಿ ಹೆದರಿ ಏನೇನೋ ಕೂಗ್ತಿದ್ರು. ನಾನು ಅನುವಾದ ಮಾಡಕ್ಕೆ ಹೋಗಲಿಲ್ಲ.

ದಿನ 3

ಬೆಳಿಗ್ಗೆ ಮೊಂ ಲೊಝೇರ್ ಬೆಟ್ಟದ ಮೇಲೆ. ಇದರ ತುತ್ತತುದಿ ಫಿನಿಯೆಲ್ 1,699 ಮೀಟರ್, ಆದ್ರೆ ಮಂಡಿನೋವಿನ ಅವ್ವನ್ನ ಅಲ್ಲಿಗೆ ಹತ್ತಿಸೋ ಮಾತೇ ಇಲ್ಲ, ಲೊಪಿತಾಲ್ ಅನ್ನೋ ಹಟ್ಟಿವರೆಗೂ ಕಾರು ಹೋಗುತ್ತೆ, ಅಲ್ಲಿಂದ ನಿಧಾನಕ್ಕೆ ನಡೆದ್ವಿ. 12ನೇ ಶತಮಾನದಿಂದ ಸೇಂಟ್ ಜಾನ್ ಪಂಥದ ಯೋಧ ಸನ್ಯಾಸಿಗಳ ಜಾಗೀರು ಇದು, ಅವರ ಗಡಿಕಲ್ಲುಗಳು ಈಗಲೂ ಹುಲ್ಲಲ್ಲಿ ಸಿಗ್ತವೆ, ಮೇಲೆ ಮಾಲ್ಟಾ ಶಿಲುಬೆ ಕೆತ್ತಿರುತ್ತೆ. ಇದೆಲ್ಲಾ ಸೆವೆನ್ ನ್ಯಾಷನಲ್ ಪಾರ್ಕ್, 1970ರಲ್ಲಿ ಆಗಿದ್ದು, ಆದ್ರೆ ಪಾರ್ಕ್ ಮಾಡಿದ್ರು ಅಂತ ಜನರನ್ನ ಎಬ್ಬಿಸಿಲ್ಲ, ಪಾರ್ಕಿನ ನಟ್ಟನಡುವೆನೇ ಮನೆ ಇವೆ, ದನ ಮೇಯ್ತವೆ. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದೂ ಈ ಮೇಯಿಸೋ ಬದುಕಿಗೇನೆ, ಬರೀ ಕಾಡು ಬೆಟ್ಟಕ್ಕಲ್ಲ. ಜೂನ್‌ನಲ್ಲಿ ಕೆಳಗಿನ ಬಯಲಿಂದ ಕುರಿಮಂದೆ ಹತ್ತಿ ಬರುತ್ತೆ, ಕುರಿ ನಡೆದೂ ನಡೆದೂ ಆದ ದಾರಿಗೆ ದ್ರಾಯ್ ಅಂತಾರೆ. ನಾವು ಹೋದಾಗ ಮಂದೆ ಇಳಿದಾಗಿತ್ತು, ಕುರಿ ಹಿಕ್ಕೆ ಮಾತ್ರ ಇತ್ತು. ಅವ್ವ ಅದನ್ನ ಚಪ್ಪಲೀಲಿ ತಿರುಗಿಸಿ ನೋಡಿ "ಹೋಗಿ ಎರಡು ವಾರ ಆಯ್ತು" ಅಂದ್ಲು. ಇರಬಹುದು.

ತಾರ್ನ್ ಹುಟ್ಟೋದು ಈ ಬೆಟ್ಟದಲ್ಲೇ. ಇಲ್ಲಿ ಮೊಣಕಾಲುದ್ದ ನೀರು, ಚಿನ್ನದ ಬಣ್ಣದ ಮರಳು, ಕಲ್ಲಿನ ಸಣ್ಣ ಸೇತುವೆ ದಾಟಿದ್ರೆ ಮಾ ಕಮಾರ್ಗ್ ಅನ್ನೋ ಪಾಳು ಬೀಳದ ಹಳೇ ಕಲ್ಲಿನ ತೋಟದ ಮನೆ. ಇದೇ ನೀರು ಮುಂದೆ ಮಿಯೋ ಅನ್ನೋ ಊರ ಹತ್ತಿರ ಹೋದಾಗ ಅದರ ಮೇಲೆ 343 ಮೀಟರ್ ಎತ್ತರದ ವಯಾಡಕ್ಟ್ (ಕಣಿವೆ ದಾಟೋ ಸೇತುವೆ) ಇದೆ, ಫೋಟೋದಲ್ಲಿ ನೋಡಿರ್ತೀರ. ಕಮಾರ್ಗ್ ಗೋಡೆಯ ಒಂದೊಂದು ಕಲ್ಲೂ ಒಂದೊಂದು ಬೀರು ಗಾತ್ರ. ಅವ್ವ ಗೋಡೆಗೆ ಕೈ ಇಟ್ಟು ಉಳಿ ಏಟು ಸವರಿ ನೋಡಿದ್ಲು, ಇದನ್ನ ಎತ್ತಿ ಕೂರಿಸೋಕೆ ಎಷ್ಟು ಆಳು ಬೇಕು, ಅಷ್ಟು ಆಳಿಗೆ ಊಟ ಯಾರು ಬೇಯಿಸಿದ್ರು ಅಂತ ಅವಳ ಚಿಂತೆ.

ಚಳಿಗಾಲದಲ್ಲಿ ಇಲ್ಲಿ ಹಿಮಗಾಳಿ ಎದ್ರೆ ಕೈ ಚಾಚಿದ್ರೆ ಕೈ ಕಾಣಲ್ವಂತೆ. ಅದಕ್ಕೇ ಬೆಟ್ಟ ದಾಟೋ ದಾರೀಲಿ ಆಳೆತ್ತರದ ಗ್ರಾನೈಟ್ ಕಂಬ ನೆಟ್ಟಿದ್ದಾರೆ. ಬೆಟ್ಟದ ಆ ಕಡೆ ಸೆರ್ವಿಯೆಸ್, ಉಲ್ತೆ ಥರದ ಹಟ್ಟಿಗಳಲ್ಲಿ ಚರ್ಚು ಇಲ್ದಿದ್ರೂ ಗಂಟೆ ಗೋಪುರ ಇದೆ, ಬಿರುಗಾಳಿ ದಿನ ಗಂಟೆಗಟ್ಟಲೆ ಬಾರಿಸ್ತಿದ್ರು, ದಾರಿ ತಪ್ಪಿದೋರು ಸದ್ದು ಹಿಡ್ಕೊಂಡು ಬರಲಿ ಅಂತ.

ವಾಪಸ್ ಬರೋವಾಗ ಕತ್ತೆ ಹೊಡ್ಕೊಂಡು ಬರ್ತಿದ್ದ ಒಂದು ಗುಂಪು ಸಿಕ್ತು. 1878ರಲ್ಲಿ ಸ್ಟೀವನ್ಸನ್ ಅನ್ನೋ ಸ್ಕಾಟ್ಲೆಂಡಿನ ಬರಹಗಾರ ಮೊದೆಸ್ತೀನ್ ಅನ್ನೋ ಕತ್ತೆ ಜೊತೆ ಹನ್ನೆರಡು ದಿನ ಈ ಬೆಟ್ಟಗಳಲ್ಲಿ ನಡೆದಿದ್ದ, ಈಗ ಆ ದಾರೀಲೇ ಜನ ಕತ್ತೆ ಬಾಡಿಗೆಗೆ ತಗೊಂಡು ನಡೀತಾರೆ, ಈ ಊರಿನ ಅಂಗಡಿ ಹೋಟ್ಲು ಉಸಿರಾಡೋಕೆ ಅವರೂ ಒಂದು ಕಾರಣ. "ದುಡ್ಡು ಕೊಟ್ಟು ಕತ್ತೆ ಹಿಂದೆ ಹೋಗ್ತಾರಾ" ಅಂತ ಅವ್ವ ಮೂರು ಸಲ ಕೇಳಿದ್ಲು.

ದಿನ 4

ವಾಪಸ್ಸು ಬೇರೆ ದಾರಿ, ಪೂರ್ವಕ್ಕೆ. ಕ್ರುವಾ ದ ಬೆರ್ತೆಲ್ ಅಂತ 1,088 ಮೀಟರ್ ಎತ್ತರದ ಒಂದು ಕಣಿವೆದಾರಿ ದಾಟ್ಬೇಕು. ಅಲ್ಲಿ ಬಿದ್ದ ಮಳೆ ಪಶ್ಚಿಮಕ್ಕೆ ಹರಿದ್ರೆ ತಾರ್ನ್ ಸೇರಿ ಅಟ್ಲಾಂಟಿಕ್, ಪೂರ್ವಕ್ಕೆ ಹರಿದ್ರೆ ರೋನ್ ನದಿ ಮೂಲಕ ಮೆಡಿಟರೇನಿಯನ್. ಸಕಲೇಶಪುರದ ಬಿಸಿಲೆ ದಾರೀಲಿ ಮಂಕನಹಳ್ಳಿ ಹತ್ತಿರ ಇಂಥದ್ದೇ ಜಾಗಕ್ಕೆ ಒಂದು ಕಲ್ಲು ನೆಟ್ಟಿದ್ದಾರಲ್ಲ, ಆ ಕಡೆ ಬಂಗಾಳ ಕೊಲ್ಲಿ ಈ ಕಡೆ ಅರಬ್ಬಿ ಸಮುದ್ರ ಅಂತ. ದಾಟಿದ ತಕ್ಷಣ ಹವಾನೇ ಬೇರೆ, ಐದು ನಿಮಿಷದಲ್ಲಿ ಸ್ವೆಟರ್ ತೆಗೆದ್ವಿ. ಮೆಡಿಟರೇನಿಯನ್ ಕಡೆಯಿಂದ ಬರೋ ಮೋಡ ಈ ಗೋಡೆಗೆ ಬಡಿದೇ ಶರತ್ಕಾಲದಲ್ಲಿ ಇಲ್ಲಿ ಭಯಂಕರ ಮಳೆ ಸುರಿಯೋದು, 1900ರ ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕಿರೋ ವಾಲ್ರೋಗ್‌ನಲ್ಲಿ ಹತ್ತು ಗಂಟೇಲಿ 950 ಮಿಲಿಮೀಟರ್ ಬಿದ್ದಿತ್ತು. ನಮ್ಮ ಪುಣ್ಯ, ನಮಗೆ ಬಿಸಿಲು.

ಮಧ್ಯಾಹ್ನ ಅಲೆಸ್. ಊರು ಸಾಧಾರಣ, ನಿಲ್ಲಿಸೋ ಯೋಚನೆ ಇರಲಿಲ್ಲ, ಅವ್ವನಿಗೆ ಕಾಲು ಚಾಚ್ಬೇಕಿತ್ತು ಅಂತ ಒಂದು ಪಾರ್ಕಿಗೆ ಹೋದ್ವಿ. ಅಲ್ಲಿ ಲೂಯಿ ಪಾಶ್ಚರ್ ಪ್ರತಿಮೆ. ನಾಯಿ ಕಡಿತಕ್ಕೆ ಚುಚ್ಚುಮದ್ದು ಕಂಡುಹಿಡಿದ ಅದೇ ಪಾಶ್ಚರ್. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1865ರಲ್ಲಿ, ಈ ಕಡೆ ಹುಳ ಎಲ್ಲಾ ಸತ್ತು ಜನ ಊರು ಬಿಡ್ತಿದ್ದಾಗ ಸರ್ಕಾರ ಅವನನ್ನ ಅಲೆಸ್‌ಗೆ ಕಳಿಸಿತ್ತು. 1853ರಲ್ಲಿ ಫ್ರಾನ್ಸ್‌ನಲ್ಲಿ 26,000 ಟನ್ ಗೂಡು ಬೆಳೆದಿದ್ರು, ಅವನು ಬರೋ ಹೊತ್ತಿಗೆ ಅದರ ಕಾಲು ಭಾಗಾನೂ ಇರಲಿಲ್ಲ. ಹುಳದ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಗೆ ಕರೀ ಚುಕ್ಕೆ, ಪೆಬ್ರಿನ್ ಅಂತಾರೆ, ನಮ್ಮ ಗಂಟುರೋಗ. ನಾಲ್ಕೈದು ಬೆಳೆಕಾಲ ಇಲ್ಲೇ ಕೂತು ಅವನು ಹೇಳಿದ್ದು ಇಷ್ಟು: ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆನ ಅರೆದು ಮೈಕ್ರೋಸ್ಕೋಪಲ್ಲಿ ನೋಡಿ, ರೋಗದ ಕಾಳು ಕಂಡ್ರೆ ಆ ಮೊಟ್ಟೆ ಸುಟ್ಟುಬಿಡಿ. ಸೆವೆನ್‌ನ ರೇಷ್ಮೆ ಅದರಿಂದ ಪೂರ್ತಿ ಎದ್ದೇಳಲಿಲ್ಲ, 1869ರಲ್ಲಿ ಸೂಯೆಜ್ ಕಾಲುವೆ ತೆಗೆದು ಏಷ್ಯಾದ ಅಗ್ಗದ ರೇಷ್ಮೆ ಬಂದು ಸೇರ್ಕೊಂತು. ಆದ್ರೆ ನಮ್ಮ ಕಡೆ ಬಿತ್ತನೆ ಕೋಠಿಗಳಲ್ಲಿ (ಹುಳದ ಮೊಟ್ಟೆ ತಯಾರು ಮಾಡೋ ಜಾಗ) ಇವತ್ತಿಗೂ ಮೊಟ್ಟೆ ಪಾಸ್ ಮಾಡೋದು ಹಿಂಗೇ.

ಇದನ್ನ ಹೇಳ್ತಾ ಇದ್ದಂಗೆ ಅವ್ವ ಪ್ರತಿಮೆ ಸುತ್ತ ಒಂದು ಸುತ್ತು ಬಂದ್ಲು. "ನೀನು ಏಳನೇ ಕ್ಲಾಸು ಇದ್ದಾಗ," ಅಂದ್ಲು, "ಆ ಸಲದ ಮೊಟ್ಟೆ ನಿಮ್ಮಪ್ಪ ಕೋಠಿಯಿಂದ ತರಲಿಲ್ಲ, ಕಮ್ಮಿ ರೇಟಿಗೆ ಸಿಕ್ತು ಅಂತ ಯಾವನ ಹತ್ರಾನೋ ತಂದ್ರು. ಮೂರನೇ ಜ್ವರ (ಹುಳ ಪೊರೆ ಬಿಡೋ ಹೊತ್ತು) ಎದ್ದ ಮೇಲೆ ಒಂದು ತಟ್ಟೇಲಿ ಹುಳ ದೊಡ್ಡದು ಸಣ್ಣದು ಆಯ್ತು, ಆಮೇಲೆ ಎಲ್ಲಾ ತಟ್ಟೇಲೂ. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ವಿ."

ನನಗೆ ಗುಂಡಿ ನೆನಪಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಆ ವರ್ಷಾನೇ ಅಪ್ಪ ನನ್ನನ್ನ ಬೆಂಗಳೂರಿನ ಹಾಸ್ಟೆಲ್‌ಗೆ ಸೇರಿಸಿದ್ದು.

ಪಾರ್ಕಿಂಗ್ ಟೈಮ್ ಮುಗೀತಾ ಬಂದಿತ್ತು. ಅವ್ವ ಇನ್ನೊಂದ್ಸಲ ತಲೆ ಎತ್ತಿ ಪ್ರತಿಮೆ ನೋಡಿ, "ನಿಮ್ಮಪ್ಪಂಗೆ ಕಳಿಸ್ತೀನಿ, ಇವನದೊಂದು ಫೋಟೋ ತೆಗಿ" ಅಂದ್ಲು.